ಕೊನೆಯ ಸಾಲಿನ ಗೂಟಗಳು

ಡೇರೆ ಟೇಲರ್ ಎಂದರೆ ಪ್ರಾರ್ಥನಾ ಮಂದಿರದ ಅಷ್ಟೂ ಮನೆಗಳಿಗೆ ಗೊತ್ತು. ತಾಡಪಾಲು ಅಂಗಡಿಯ ಹಿಂಬದಿ ಕೋಣೆಯಲ್ಲಿ, ಇದ್ದೊಂದು ಕಿಟಕಿಯ ಬೆಳಕಿಗೆ ಯಂತ್ರ ಎಳೆದುಕೊಂಡು, ಮೂವತ್ತೊಂದು ವರ್ಷ ದಪ್ಪ ಕ್ಯಾನ್ವಾಸು ಹೊಲಿದವರು. ಸೂಜಿ ನೂಕಿ ನೂಕಿ ಅವರ ಬಲಗೈ ಹೆಬ್ಬೆರಳು ಚಮಚದ ಹಾಗೆ ಚಪ್ಪಟೆಯಾಗಿತ್ತು. ಈಗ ಕಣ್ಣು ಕೈಕೊಟ್ಟಿತ್ತು. ದಾರ ಪೋಣಿಸಲು ಹೆಂಡತಿ ಬೇಕು, ಹೊಲಿಗೆ ನೆಟ್ಟಗಿದೆಯೇ ಎಂದು ತಿಳಿಯಲು ಬೆರಳು ಬೇಕು.

ಅವರ ಒಬ್ಬನೇ ಮಗ ಪಾರ್ಸೆಲ್ ಗೋದಾಮಿನಲ್ಲಿ ಸಹಾಯಕ ಮೇಲ್ವಿಚಾರಕ. ಹುದ್ದೆಯ ಹೆಸರು ಸಂಬಳಕ್ಕಿಂತ ಉದ್ದ. ಅವನ ಕೈಕೆಳಗಿದ್ದದ್ದು ವಿಳಾಸದ ಚೀಟಿ ಮುದ್ರಿಸುವ ಯಂತ್ರ ಒಂದೇ. ಅದೂ ಅವನ ಮಾತು ಕೇಳುತ್ತಿರಲಿಲ್ಲ.

ವರ್ಷಕ್ಕೊಮ್ಮೆ ಮಂದಿರದವರು ಊರಾಚೆಯ ಬಯಲಲ್ಲಿ ಎರಡು ದಿನ ಪಾಳೆಯ ಹೂಡುತ್ತಿದ್ದರು. ಇಸ್ರಾಯೇಲಿನ ಕುಲಗಳು ಮರುಭೂಮಿಯಲ್ಲಿ ಇಳಿದುಕೊಂಡ ಬಗೆ ಹೀಬ್ರೂ ಧರ್ಮಗ್ರಂಥದಲ್ಲಿ ಹೇಗಿದೆಯೋ ಹಾಗೇ. ನಡುವೆ ದೇವದರ್ಶನದ ಗುಡಾರ, ಅದರ ಸುತ್ತ ಗುಡಾರದ ಸೇವೆ ಮಾಡುವ ಲೇವಿಯರು, ಅವರಾಚೆ ದಿಕ್ಕಿಗೆ ಮೂರರಂತೆ ಹನ್ನೆರಡು ಕುಲಕ್ಕೆ ಹನ್ನೆರಡು ಡೇರೆ. ಪೂರ್ವಕ್ಕೆ ಯೆಹೂದನ ಧ್ವಜ, ಉತ್ತರಕ್ಕೆ ದಾನನದು. ಎರಡನೆಯ ದಿನ ಡೇರೆ ಕಿತ್ತು ಹೊಳೆಯ ತನಕ ಮೂರು ಮೈಲಿ ನಡಿಗೆ. ಯೆಹೂದನ ಕುಲ ಎಲ್ಲರಿಗಿಂತ ಮುಂದೆ, ದಾನನ ಕುಲ ಎಲ್ಲರಿಗಿಂತ ಹಿಂದೆ.

ಟೇಲರ್ ಮನೆಯವರು ಪ್ರತಿ ವರ್ಷವೂ ದಾನನ ಕಡೆ.

"ಹೊಲಿಯೋರೂ ನಾವೇ, ಊರವರ ಕಾಲಿನ ಧೂಳು ತಿನ್ನೋರೂ ನಾವೇ," ಎಂದು ಅಮ್ಮ ವರ್ಷಕ್ಕೊಮ್ಮೆ ಗೊಣಗುತ್ತಿದ್ದಳು. ಅಪ್ಪ ನಗುತ್ತಿದ್ದರು. ಮಗನಿಗೆ ನಗು ಬರುತ್ತಿರಲಿಲ್ಲ. ನಡಿಗೆ ಹೊರಟಾಗ ಬಯಲಿಡೀ ಬಗ್ಗಿಕೊಂಡು ಅಲೆಯುವ ಅಪ್ಪನನ್ನು ಅಲ್ಲೇ ಬಿಟ್ಟು ಅವನು ತನ್ನ ವಾರಿಗೆಯವರ ಗುಂಪು ಸೇರಿಬಿಡುತ್ತಿದ್ದ. ಈ ಸಲವೇ ಕೊನೆ, ಮುಂದಿನ ವರ್ಷದಿಂದ ನನ್ನ ಕೈಲಾಗದು ಎಂದು ಅಪ್ಪ ಹೇಳಿದ ದಿನ ಮಗ ಮನಸ್ಸಿನಲ್ಲೇ ತೀರ್ಮಾನಿಸಿದ. ಒಂದು ಸಲವಾದರೂ ಈ ಮನುಷ್ಯ ಮುಂದೆ ನಡೆಯಬೇಕು. ಅವನು ನೇರ ಸಭಾಪಾಲಕರಾದ ಅಯ್ಯನವರ ಮನೆಗೆ ಹೋದ.

"ಅಯ್ಯನೋರೇ, ಈ ಸಲ ನಮ್ಮನೆಯೋರಿಗೆ ಯೆಹೂದನ ಜಾಗ ಕೊಡಿ."

"ಅಪ್ಪನ್ನ ಕೇಳಿದ್ಯೇನಪ್ಪಾ?"

"ಅವರು ಬಾಯಿ ಬಿಟ್ಟು ಏನನ್ನೂ ಕೇಳೋರಲ್ಲ. ಅದಕ್ಕೇ ನಾನು ಕೇಳ್ತಿದೀನಿ."

ಅಯ್ಯನವರು ಕನ್ನಡಕ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. "ಆಗ್ಲಿ," ಎಂದರು. ಮರುದಿನ ತಾವೇ ಅಂಗಡಿಗೆ ಹೋಗಿ ಟೇಲರಿಗೆ ವಿಷಯ ತಿಳಿಸಿದರು.

ಸಂಜೆ ಮಗ ಮನೆಗೆ ಬಂದಾಗ ಅಪ್ಪ ಕೇಳಿದ್ದು ಒಂದೇ. "ಹಾಗಾದ್ರೆ ಉತ್ತರಕ್ಕೆ ಯಾರು?"

"ಬ್ಯಾಂಕ್ ಗುಮಾಸ್ತರು, ಅವರ ಇಬ್ಬರು ಷಡ್ಡಕರು."

"ಅವರಿಗೆ ಗೊತ್ತಾ?"

"ಗೊತ್ತಿರೋಕೆ ಏನಿದೆ ಅಪ್ಪಾ? ಕೊನೆಗೆ ಹೊರಡೋದಕ್ಕೂ ತರಬೇತಿ ಬೇಕಾ?"

ಅಪ್ಪ ತಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ಸವರುತ್ತ ಕೂತರು. ಖುಷಿಗೆ ಮಾತು ಕಟ್ಟಿದೆ ಎಂದು ಮಗ ಭಾವಿಸಿದ. ಚೀಟಿ ಯಂತ್ರದ ಮೇಲ್ವಿಚಾರಕನಿಗೆ ಅಷ್ಟೇ ತೋಚುವುದು.

ಪಾಳೆಯದ ಎರಡನೆಯ ದಿನ ಬೆಳಿಗ್ಗೆ ತುತ್ತೂರಿ ಮೊಳಗಿತು. ಯೆಹೂದನ ಧ್ವಜ ಹಿಡಿದ ಮಗ ಎದೆ ಸೆಟೆಸಿ ನಡೆದ. ಪಕ್ಕದಲ್ಲಿ ಅಪ್ಪ, ಹೊಸ ಸೀರೆಯಲ್ಲಿ ಅಮ್ಮ. ಅಪ್ಪ ಹತ್ತು ಹೆಜ್ಜೆಗೊಮ್ಮೆ ತಿರುಗಿ ನೋಡುತ್ತಿದ್ದರು. ನೋಡಿದರೂ ಅವರಿಗೆ ಕಾಣುತ್ತಿದ್ದುದು ಮಬ್ಬು ಮಾತ್ರ.

ಅರ್ಧ ಮೈಲಿ ಆಗುವಷ್ಟರಲ್ಲಿ ಮಗನಿಗೆ ಫೋನಿನ ಚಾರ್ಜರ್ ನೆನಪಾಯಿತು. ಪಾಳೆಯದ ಜನರೇಟರಿನ ಹತ್ತಿರವೇ ಉಳಿದಿತ್ತು. ಫೋನು ಆಗಲೇ ಸತ್ತಿತ್ತು. ಧ್ವಜವನ್ನು ಅಮ್ಮನ ಕೈಗಿತ್ತು, "ಐದೇ ನಿಮಿಷ, ಬಂದೆ," ಎಂದು ಹಿಂದಕ್ಕೆ ಓಡಿದ. ಎದುರಿಗೆ ಹಾಡುತ್ತ ಬರುತ್ತಿದ್ದ ಸಾಲುಗಳು ಒಂದೊಂದಾಗಿ ದಾಟಿದವು. ಕೊನೆಯಲ್ಲಿದ್ದ ಬ್ಯಾಂಕ್ ಗುಮಾಸ್ತರಂತೂ ಬಸ್ಸು ತಪ್ಪಿದವರ ಹಾಗೆ ದಾಪುಗಾಲು ಹಾಕುತ್ತಿದ್ದರು.

ಖಾಲಿ ಬಯಲಲ್ಲಿ, ಬೆಳಿಗ್ಗೆ ತನ್ನದೇ ಡೇರೆ ನಿಂತಿದ್ದ ಜಾಗದಲ್ಲಿ, ಅವನ ಬಲಗಾಲು ಗೂಟ ಕಿತ್ತ ಗುಂಡಿಯೊಳಗೆ ಹೋಯಿತು. ಪಾದದ ಕೀಲು ಕಟಕ್ಕೆಂದಿತು. ಕೂಗಿದ. ದೂರದ ಹಾಡು ಚೆನ್ನಾಗಿಯೇ ಮುಂದುವರಿಯಿತು. ಚಾರ್ಜರ್ ಇದ್ದ ಜಾಗ ಇಪ್ಪತ್ತು ಹೆಜ್ಜೆ ದೂರ. ಅಲ್ಲಿಗೆ ಅವನು ಅಂಬೆಗಾಲಿಟ್ಟು ತಲುಪಿದ. ಜನರೇಟರನ್ನೇ ಲಾರಿಗೆ ಹೇರಿಕೊಂಡು ಹೋಗಿದ್ದರು. ಚಾರ್ಜರ್ ಮಾತ್ರ ಇತ್ತು.

ಅರ್ಧ ಗಂಟೆಯ ಮೇಲೆ ಬಯಲಿನ ಅಂಚಿನಲ್ಲಿ ಒಂದು ಆಕಾರ ಕಂಡಿತು. ನಾಲ್ಕು ಹೆಜ್ಜೆ ಬರುವುದು, ಬಗ್ಗುವುದು, ಕೈಯಿಂದ ನೆಲ ತಡವುವುದು, ಮಣ್ಣು ಎಳೆದು ತುಳಿಯುವುದು, ಮತ್ತೆ ನಾಲ್ಕು ಹೆಜ್ಜೆ.

"ಅಪ್ಪಾ!"

"ಯಾರದು? ನೀನೇನೋ? ಇಲ್ಲೇನ್ ಮಾಡ್ತಿದೀಯ?"

"ಚಾರ್ಜರ್ ಮರ್ತಿದ್ದೆ. ಗುಂಡಿಗೆ ಕಾಲು ಹಾಕಿ ಉಳುಕಿಸ್ಕೊಂಡೆ. ನನ್ನ ಹುಡ್ಕೊಂಡು ಬಂದ್ರಾ?"

"ಇಲ್ಲಪ್ಪಾ. ನೀನು ಗೆಳೆಯರ ಗುಂಪಲ್ಲಿ ಸೇರ್ಕೊಂಡಿದೀಯ ಅಂತಿದ್ದೆ. ನಾನು ಗುಂಡಿ ಮುಚ್ಚೋಕೆ ಬಂದೆ. ದನ ಓಡಾಡೋ ಜಾಗ ಇದು."

ಅಪ್ಪ ಪಕ್ಕದಲ್ಲಿ ಕೂತು ಅವನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಒತ್ತಿ ನೋಡಿದರು. ಮುರಿದಿರಲಿಲ್ಲ. ಹೆಗಲ ಮೇಲಿನ ಟವೆಲ್ಲನ್ನು ಉದ್ದಕ್ಕೆ ಹರಿದು ಬಿಗಿಯಾಗಿ ಸುತ್ತಿದರು.

"ಪ್ರತಿ ವರ್ಷ ಇದನ್ನೇ ಮಾಡ್ತಿದ್ರಾ?" ಮಗ ಕೇಳಿದ.

"ಮತ್ತೆ ದಾನನ ಕುಲ ಹಿಂದೆ ಇರೋದು ಯಾತಕ್ಕೆ? ಧರ್ಮಗ್ರಂಥದಲ್ಲಿ ಬರೆದಿರೋ ತಲೆ ಎಣಿಕೆ ನೋಡಿದೀಯಾ? ಯೆಹೂದನ್ನ ಬಿಟ್ರೆ ದಾನಂದೇ ದೊಡ್ಡ ಕುಲ. ಎಲ್ಲರನ್ನೂ ಕೂಡಿಸ್ಕೊಂಡು ಬರೋ ಕೆಲಸ ಅವರದ್ದು. ಕಾಲು ಸೋತೋರು, ಕೂಸು ಎತ್ಕೊಂಡೋರು, ಏನೋ ಮರ್ತು ವಾಪಸ್ ಓಡೋ ಪುಣ್ಯಾತ್ಮರು... ಇವರ ಹಿಂದೆ ಗಟ್ಟಿ ಆಳು ಬೇಡ್ವಾ?"

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

ಅಪ್ಪ ಟವೆಲ್ಲಿನ ಗಂಟನ್ನು ಸುಮ್ಮನೆ ಮತ್ತೊಮ್ಮೆ ಬಿಗಿ ಮಾಡಿದರು. "ನೀನಾಗೇ ಕೇಳ್ತೀಯ ಅಂತ ಕಾದೆ. ಅಯ್ಯನೋರು ಅಂಗಡಿಗೆ ಬಂದು, ನಿಮ್ಮ ಮಗ ಜಾಗ ಕೇಳ್ದ ಅಂದ್ರು. ನನ್ನ ಜಾಗಾನೇ ಅನ್ಕೊಂಡು ಒಂದು ಗಳಿಗೆ ಎಷ್ಟು ಖುಷಿಯಾಯ್ತು ಗೊತ್ತಾ? ಆಮೇಲೆ ಯಾವ ಜಾಗ ಅಂತ ಹೇಳಿದ್ರು."

ಮಗ ತಲೆ ತಗ್ಗಿಸಿ ಕೈಯಲ್ಲಿದ್ದ ಚಾರ್ಜರನ್ನೇ ನೋಡಿದ. ಆಮೇಲೆ ಅದನ್ನು ಜೇಬಿಗೆ ತುರುಕಿದ. "ಉತ್ತರದ ಮೂರು ಡೇರೆ ಇದ್ದದ್ದು ಅಲ್ಲಿ ಅಲ್ವಾ? ಗೂಟ ಕಾಣ್ತಿವೆ. ಗುಮಾಸ್ತರು ಹಗ್ಗ ಬಿಚ್ಕೊಂಡು ಹಾಗೇ ಓಡಿದಾರೆ."

"ಬಿಟ್ಟೋದ್ರಾ? ಡೇರೆಗೆ ನಾಕು. ಹನ್ನೆರಡು ಇರ್ಬೇಕು."

ಮಗ ಮೊಣಕಾಲೂರಿ ಹೊರಟ. ಅವನು ಗೂಟ ಅಲ್ಲಾಡಿಸಿ ಕೀಳುತ್ತ ಬಂದ, ಅಪ್ಪ ಹಿಂದಿನಿಂದ ಗುಂಡಿ ಮುಚ್ಚುತ್ತ ಬಂದರು. ಕಿತ್ತ ಗೂಟವನ್ನೆಲ್ಲ ಅಪ್ಪ ಮುಟ್ಟಿ ಮುಟ್ಟಿ ತಾವು ತಂದಿದ್ದ ಚೀಲಕ್ಕೆ ಹಾಕಿದರು. ಹೊಳೆಯ ಕಡೆಯಿಂದ ತುತ್ತೂರಿ ಕೇಳಿಸಿತು. ಮುಂದಿನವರು ತಲುಪಿದ್ದರು, ಊಟಕ್ಕೆ ಕರೆಯುತ್ತಿದ್ದರು.

"ಎಷ್ಟಾಯ್ತು?" ಅಪ್ಪ ಕೇಳಿದರು.

"ಹನ್ನೊಂದು."

ಅಪ್ಪ ಚೀಲ ಕೆಳಗಿಟ್ಟು, ಅದರ ಮೇಲೇ ಕೂತರು. ಏಳುವ ಲಕ್ಷಣ ಕಾಣಲಿಲ್ಲ.

ಮಗ ಹೊಳೆಯ ದಿಕ್ಕನ್ನೊಮ್ಮೆ ನೋಡಿದ. ಹಸಿವಾಗಿತ್ತು, ಕಾಲು ಬಾತಿತ್ತು. "ಕೂತಿರಿ ಅಪ್ಪಾ," ಎಂದು, ಹುಲ್ಲನ್ನು ಅಂಗೈಯಿಂದ ಬಗೆಯುತ್ತ ಮತ್ತೆ ಉತ್ತರದ ಸಾಲಿನ ಮೊದಲಿನಿಂದ ಹುಡುಕತೊಡಗಿದ.