ಮೇಣ ಹಾಕಿ ಮಲಗಿಸಿದ ಬಂದೂಕುಗಳು

ತಿಕೋಟಾದ ಕಂಬಾರ ಗುರಲಿಂಗಪ್ಪ ಬಂದೂಕು ಮಾಡುತ್ತಿದ್ದ. ಈಗಿನ ತೋಟಾ ಬಂದೂಕಲ್ಲ. ಬಾಯಿಯಿಂದ ಮದ್ದು ಸುರಿದು, ಚಿಂದಿ ತುರುಕಿ, ಗುಂಡು ಇಳಿಬಿಟ್ಟು, ಕಬ್ಬಿಣದ ಗಜದಿಂದ ಜಡಿದು ಹಾರಿಸುವ ಹಳೇ ನಮೂನೆಯದು. ಅದನ್ನು ತುಂಬಿ ಮುಗಿಸುವುದರೊಳಗೆ ಜೋಳ ತಿನ್ನಲು ಬಂದ ಕಾಡುಹಂದಿ ಹೊಟ್ಟೆ ತುಂಬ ತಿಂದು, ತೇಗಿ, ಮನೆಗೆ ಹೋಗಿ ಮಕ್ಕಳ ಮದುವೆಯನ್ನೂ ಮಾಡಿ ಮುಗಿಸುತ್ತಿತ್ತು. ಆದರೆ ಹಾರಿತೋ, ತಿಕೋಟಾದಲ್ಲಿ ಹಾರಿದ ಸದ್ದಿಗೆ ಬಬಲೇಶ್ವರದ ಎಮ್ಮೆಗಳು ಕೆಚ್ಚಲಲ್ಲೇ ಮೊಸರು ಹೆಪ್ಪುಗಟ್ಟಿಸುತ್ತಿದ್ದವು. ಆ ಸದ್ದಿನದೊಂದು ತುಣುಕು ವಿಜಾಪುರದ ಗೋಳಗುಮ್ಮಟದೊಳಗೆ ಹೊಕ್ಕು ಇನ್ನೂ ಬಾಗಿಲು ಹುಡುಕುತ್ತಿದೆ ಎಂದರೆ ನೀವು ನಂಬುವುದಿಲ್ಲ. ನಾನೂ ಅರ್ಧವೇ ನಂಬುತ್ತೇನೆ.

ಅವನ ನಳಿಗೆಗೆ ಬೇಕಾದ ಕಬ್ಬಿಣ ಸವೆದ ಚಕ್ಕಡಿಗಾಲಿಯ ಹಳಿ. ಹತ್ತು ಮಳೆಗಾಲ ಕಲ್ಲುದಾರಿಯಲ್ಲಿ ಬಡಿಸಿಕೊಂಡ ಹಳಿಗೆ ಮಾತ್ರ ಮದ್ದಿನ ಸಿಟ್ಟು ತಡೆಯುವ ತಾಳ್ಮೆ ಬಂದಿರುತ್ತದೆ ಎನ್ನುತ್ತಿದ್ದ. ಅದನ್ನು ಕೆಂಪಗೆ ಕಾಯಿಸಿ, ಸಲಾಕಿಗೆ ಹಾವಿನಂತೆ ಸುತ್ತಿ, ಸುತ್ತು ಸುತ್ತಿಗೂ ಬೆಸುಗೆ ಕೂಡುವಂತೆ ಬಡಿಯುತ್ತಿದ್ದ. ಒಂದು ನಳಿಗೆ ಮುಗಿಯುವಷ್ಟರಲ್ಲಿ ಒಂದು ಸುಗ್ಗಿ ಕಳೆದಿರುತ್ತಿತ್ತು.

ಮಾಡುವುದಕ್ಕಿಂತ ಹಳೆಯವನ್ನು ಕೂಡಿಹಾಕುವ ಹುಚ್ಚು ದೊಡ್ಡದು. ಅದಕ್ಕೆ ಜೊತೆಗಾರ ಯಾಕೂಬ. ಗೋಳಗುಮ್ಮಟದ ಹಿಂದಿನ ಓಣಿಯವನು, ಟಾಂಗಾ ಹೊಡೆಯುವವನು. ವಿಜಾಪುರದ ಹಳೇ ವಾಡೆಗಳಲ್ಲಿ ಯಾರ ಮುತ್ತಜ್ಜನ ಬಂದೂಕು ಬಾಗಿಲಿಗೆ ಅಗಳಿಯಾಗಿದೆ, ಯಾರದು ಸೀರೆ ಒಣಹಾಕುವ ಗಳವಾಗಿದೆ ಎಂಬುದೆಲ್ಲ ಅವನಿಗೆ ಗೊತ್ತು. ಅಂಥವನ್ನು ಬೇಡಿ, ಕಾಡಿ, ಟಾಂಗಾದಲ್ಲಿ ಹುಲ್ಲಿನ ಕೆಳಗೆ ಮಲಗಿಸಿ ತಿಕೋಟಾಕ್ಕೆ ತರುತ್ತಿದ್ದ. ಗುರಲಿಂಗಪ್ಪ ತುಕ್ಕು ಬಿಡಿಸಿ, ಮದ್ದಿಗೆ ಕಿಡಿ ಕೊಡುವ ಕುದುರೆಕೀಲು ಕೂಡಿಸಿ, ಜಾಲಿಯ ಹಿಡಿಕೆ ಜೋಡಿಸಿ ಗೋಡೆಗೆ ತೂಗುಹಾಕುತ್ತಿದ್ದ. ದುರಸ್ತಿ ಮಾಡುವ ಪರವಾನಗಿ ಇತ್ತು, ಹಾಗಾಗಿ ಯಾರೂ ಕೇಳುತ್ತಿರಲಿಲ್ಲ. ಎಲ್ಲಕ್ಕೂ ಉದ್ದದ್ದು ಅವನೇ ಮಾಡಿದ್ದು. ಅದಕ್ಕೆ ಗೌರಾಬಾಯಿ ಎಂದು ಹೆಸರು. ಗೌರಾಬಾಯಿಯ ಹಿಡಿಕೆ ಅಡುಗೆಮನೆಯಲ್ಲಿದ್ದರೆ ಬಾಯಿ ಹಿತ್ತಲಲ್ಲಿ ಇರುತ್ತಿತ್ತು, ನಡುವೆ ಬೆಕ್ಕು ಮರಿ ಹಾಕುತ್ತಿತ್ತು.

ಹೆಂಡತಿ ತಿಪ್ಪವ್ವ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು: “ನನಗ ಸವತಿ ಒಬ್ಬಾಕಿ ಅಲ್ಲವ್ವಾ, ಗ್ವಾಡಿ ತುಂಬ ಅದಾರ. ನನ್ನ ತಲಿಗೆ ಎಣ್ಣಿ ಇಲ್ಲ, ಅವರಿಗೆ ಕೊಡಾ ಕೊಡಾ ಔಡಲೆಣ್ಣಿ.”

ಎಣ್ಣೆಯ ಮಾತು ಸುಳ್ಳಲ್ಲ. ಪ್ರತಿ ವರ್ಷ ಮಳೆ ಹಿಡಿಯುವ ಮುಂಚೆ ಅವನು ಬಂದೂಕುಗಳನ್ನು ಮಲಗಿಸುತ್ತಿದ್ದ. ಔಡಲೆಣ್ಣೆಯಲ್ಲಿ ಜೇನುಮೇಣ ಕರಗಿಸಿ ನಳಿಗೆಯೊಳಗೆ ಸುರಿಯುವುದು. ಮದ್ದಿಗೆ ಬೆಂಕಿ ಮುಟ್ಟುವ ಸಣ್ಣ ತೂತಿಗೆ ಕಿವಿ ಎನ್ನುತ್ತಾರೆ, ಆ ಕಿವಿಗೂ ಮೇಣ. ಬಾಯಿಗೆ ಬೇವಿನ ಬೆಣೆ ಜಡಿದು ಮೇಲಿಂದ ಕತ್ತರಿಸಿ ನುಣುಪು ಮಾಡುವುದು. ಮಹಾನವಮಿಯ ಹಿಂದಿನ ದಿನ ಕುದಿಯುವ ನೀರು ಹೊಯ್ದು ಎಬ್ಬಿಸುವುದು. ಅಜ್ಜನ ಕಾಲದಿಂದ ಬಂದ ಪದ್ಧತಿ. ತುಕ್ಕು ಎಂಬ ರೋಗ ಆ ಮನೆಯ ಹೊಸ್ತಿಲು ಮೆಟ್ಟಿರಲಿಲ್ಲ.

ನಲವತ್ತೆಂಟರ ಬೇಸಿಗೆ. ಪೂರ್ವಕ್ಕೆ ನಿಜಾಮನ ಸೀಮೆಯಲ್ಲಿ ರಜಾಕಾರರ ಗದ್ದಲ ಎದ್ದಿತ್ತು, ವಿಜಾಪುರದಲ್ಲಿ ನೆರಳು ಕಂಡರೂ ಜನ ಹೆದರುತ್ತಿದ್ದರು. ಡಂಗುರ ಸಾರಿತು: ಊರವರ ಬಂದೂಕುಗಳನ್ನೆಲ್ಲ ವಿಜಾಪುರದ ಕಚೇರಿಗೆ ಒಪ್ಪಿಸಬೇಕು, ಗದ್ದಲ ತಣಿದ ಮೇಲೆ ಪರೀಕ್ಷೆ ಮಾಡಿ ಸುಸ್ಥಿತಿಯಲ್ಲಿದ್ದವನ್ನು ಮರಳಿ ಕೊಡುತ್ತಾರೆ. ಹಾರದವು ಗುಜರಿಗೆ.

ಗುರಲಿಂಗಪ್ಪನಿಗೆ ಒಂದೇ ಚಿಂತೆ: ಕಚೇರಿಯ ಮಾಳಿಗೆ ಸೋರುತ್ತದೆ. ಮಳೆಗಾಲ ಪೂರ್ತಿ ತನ್ನ ಬಂದೂಕುಗಳು ಪರರ ಮನೆಯಲ್ಲಿ ನೆನೆಯಬೇಕು. ಹಾಗಾಗಿ ಆ ವರ್ಷ ಅವನು ಎಂದಿಲ್ಲದಷ್ಟು ಒಪ್ಪವಾಗಿ ಮಲಗಿಸಿದ. ಯಾಕೂಬ ಟಾಂಗಾ ಬಿಟ್ಟು ಬಂದು ಮೇಣ ಕರಗಿಸಿಕೊಟ್ಟ. ಬೆಣೆಯ ತುದಿಗೆ ಕಬ್ಬಿಣದ ಬಣ್ಣದ ಮಸಿಯನ್ನೂ ಬಳಿದರು, ಚಂದ ಕಾಣಲೆಂದು. ಸ್ವತಃ ಬ್ರಹ್ಮದೇವರು ಬಂದು ನೋಡಿದರೂ ಅಲ್ಲಿ ಬೆಣೆ ಇದೆ ಎಂದು ಗೊತ್ತಾಗುತ್ತಿರಲಿಲ್ಲ. ಮಹಾನವಮಿಗೆ ತಾನೇ ಹೋಗಿ ಎಬ್ಬಿಸಿದರಾಯಿತು ಎಂದುಕೊಂಡಿದ್ದ. ಕಚೇರಿಯವರಿಗೆ ಹೇಳಬೇಕೆಂಬುದು ಅವನ ತಲೆಗೆ ಹೊಳೆಯಲೇ ಇಲ್ಲ. ಮಳೆಗಾಲದಲ್ಲಿ ಬಂದೂಕು ಮಲಗಿರುತ್ತದೆ ಎಂಬುದು ಲೋಕಕ್ಕೆಲ್ಲ ಗೊತ್ತಿರುವ ಸಂಗತಿ ಎಂದು ಅವನ ತಿಳುವಳಿಕೆ.

ಲೋಕಕ್ಕೆ ಗೊತ್ತಿರಲಿಲ್ಲ. ಗದ್ದಲ ತಣಿಯುವ ಮುಂಚೆಯೇ, ಶ್ರಾವಣದಲ್ಲೇ ಪರೀಕ್ಷೆ ನಡೆಯಿತು. ಒಂದಕ್ಕೂ ಗಜ ಒಳಗೆ ಇಳಿಯಲಿಲ್ಲ, ಒಂದರ ಕಿವಿಗೂ ಸೂಜಿ ಹೋಗಲಿಲ್ಲ. ತಿಕೋಟಾದ ಕಂಬಾರನ ಮಾಲೆಲ್ಲ ಗುಜರಿ ಎಂದು ತೀರ್ಮಾನವಾಯಿತು. ಬಬಲೇಶ್ವರದ ಸಂತೆಯಲ್ಲಿ ಸುದ್ದಿ ಕೇಳಿದ ಗುರಲಿಂಗಪ್ಪ ಮಾರಲು ತಂದ ಕುಡುಗೋಲುಗಳನ್ನು ಅಲ್ಲೇ ಬಿಟ್ಟು ವಿಜಾಪುರದ ದಾರಿ ಹಿಡಿದ. ಅವನ ನಡಿಗೆಗೆ ಹೆದರಿ ಹಾದಿಯ ಮೈಲಿಗಲ್ಲುಗಳು ಪಕ್ಕಕ್ಕೆ ಸರಿದವು. ಗುಮ್ಮಟದ ಹಿಂದಿನ ಓಣಿಯಲ್ಲಿ ಯಾಕೂಬನೂ ಜೊತೆಗೂಡಿದ.

ಕಚೇರಿಯ ಸಾಹೇಬ ಕೆಟ್ಟವನಲ್ಲ, ಹೊಸಬ. ಗುರಲಿಂಗಪ್ಪ ಕೈಮುಗಿದು ಒಂದು ಹಂಡೆ ಕುದಿಯುವ ನೀರು ಕೇಳಿದ. ಬಂದೂಕಿಗೆ ನೀರು ಯಾಕೆ ಎಂದು ಸಾಹೇಬ ಕೇಳಿದ. ಒಳಗೆ ಮೇಣ ತುಂಬಿದೆ, ಕರಗಿಸಿ ಹಾರಿಸಿ ತೋರಿಸುತ್ತೇನೆ ಎಂದ. ಸಾಹೇಬನ ಮುಖದ ಬಣ್ಣ ಬದಲಾಯಿತು. ಸರಕಾರಕ್ಕೆ ಒಪ್ಪಿಸುವ ಬಂದೂಕನ್ನು ಬೇಕೆಂದೇ ಕೆಡಿಸಿ, ಬಾಯಿ ಮುಚ್ಚಿ, ಮೇಲೆ ಮಸಿ ಬಳಿದು ಕೊಟ್ಟಿದ್ದೀರಿ, ಇದು ಖಟ್ಲೆಯ ಮಾತು ಎಂದ.

“ಯಾರ‍್ಯಾರು ಕೂಡಿ ಮುಚ್ಚೀರಿ? ಹೆಸರು ಹೇಳು.”

ಯಾಕೂಬ ಬಾಗಿಲ ಹತ್ತಿರ ನಿಂತಿದ್ದ. ಅವನು ಬಾಯಿ ತೆರೆಯುವುದು ಗುರಲಿಂಗಪ್ಪನ ಕಣ್ಣಿಗೆ ಬಿತ್ತು. ಆ ವರ್ಷ, ಆ ಗದ್ದಲದಲ್ಲಿ, ಯಾಕೂಬ ಎಂಬ ಹೆಸರಿನವನ ಮೇಲೆ ಬಂದೂಕಿನ ಖಟ್ಲೆ ಬಿದ್ದರೆ ಅದು ಮೇಣದ ಮಾತಾಗಿ ಉಳಿಯುತ್ತಿರಲಿಲ್ಲ. ಗುರಲಿಂಗಪ್ಪನಿಗೆ ಓದು ಬರುತ್ತಿರಲಿಲ್ಲ, ಆದರೆ ಇಷ್ಟು ತಿಳಿಯುತ್ತಿತ್ತು.

“ಇಲ್ರಿ ಸಾಹೇಬ್ರ,” ಎಂದ. “ಮೇಣದ್ದು ಸುಳ್ಳು ಹೇಳ್ದೆ. ಹೆಂಗರ ಮಾಡಿ ಮನಿಗೆ ಒಯ್ಬೇಕಂತ ಹೇಳ್ದೆ. ಅವು ಮೊದಲಿಂದಾನೂ ಕೆಟ್ಟಾವ್ರಿ. ಒಂದೂ ಹಾರೂದಿಲ್ಲ.”

“ಆ ಉದ್ದಂದು?”

“ಅದನ್ನ ನಾನ ಮಾಡೇನ್ರಿ. ಅದಂತೂ ಒಂದ ದಿನಾನೂ ಹಾರಿಲ್ಲ.”

ನಾನು ಜೀವಮಾನದಲ್ಲಿ ಗುಡ್ಡದಷ್ಟು ಸುಳ್ಳು ಕೇಳಿದ್ದೇನೆ, ಅದರಲ್ಲಿ ಮುಕ್ಕಾಲು ನನ್ನವೇ. ಇಷ್ಟು ಭಾರದ ಸುಳ್ಳನ್ನು ಯಾರೂ ಎತ್ತಿದ್ದು ಕೇಳಿಲ್ಲ. ಸಾಹೇಬನಿಗೆ ಸಮಾಧಾನವಾಯಿತು. ಕೆಟ್ಟ ಬಂದೂಕು ಮಾಡುವುದು ಅಪರಾಧವಲ್ಲ. ಗುಜರಿಗೆ ಹಾಕುವ ಮುನ್ನ ಬಡಿದು ಚಪ್ಪಟೆ ಮಾಡಬೇಕು, ಅದಕ್ಕೊಬ್ಬ ಕಂಬಾರ ಬೇಕು ಎಂದು ಅವನು ಜವಾನನಿಗೆ ಹೇಳುವಾಗ ಗುರಲಿಂಗಪ್ಪ ನಡುವೆ ಬಂದು, ಆ ಕೆಲಸ ತನಗೇ ಕೊಡಿ ಎಂದು ಕಾಲು ಹಿಡಿದ. ಕೂಲಿ ಬೇಡವೆಂದ. ಸಾಹೇಬ ಒಪ್ಪಿದ.

ಕಚೇರಿಯ ಹಿಂದಿನ ಬಯಲಲ್ಲಿ, ಯಾರ ಕಣ್ಣೂ ಬೀಳದ ಕಡೆ, ಒಲೆ ಹೂಡಿದರು. ಯಾಕೂಬ ತಿದಿ ಒತ್ತಿದ. ಗುರಲಿಂಗಪ್ಪ ಕಬ್ಬಿಣಕ್ಕಿಂತ ಮೊದಲು ನೀರು ಕಾಯಿಸಿದ. ಒಂದೊಂದನ್ನೇ ಎತ್ತಿ, ಬೆಣೆ ಕಿತ್ತು, ಬಿಸಿನೀರು ಹೊಯ್ದು, ಚಿಂದಿಯಿಂದ ಒರೆಸಿ, ಕಿವಿಯ ಮೇಣ ಸೂಜಿಯಿಂದ ತೆಗೆದು, ನಳಿಗೆಯೊಳಗಿಂದ ಆಕಾಶ ನೋಡಿದ. ಕನ್ನಡಿ. ಒಂದು ಚುಕ್ಕೆ ತುಕ್ಕಿರಲಿಲ್ಲ. ಆಮೇಲೆ ಬೆಂಕಿಗಿಟ್ಟು, ಕೆಂಪಾದ ಮೇಲೆ ಅಡೆಗಲ್ಲಿನ ಮೇಲೆ ಬಡಿದ.

ಯಾಕೂಬನಿಗೆ ತಡೆಯಲಾಗಲಿಲ್ಲ. “ಬಡಿಯೂದ ಐತಿ. ಯಾಕ ತೊಳ್ಯಾಕತ್ತಿ ಮಾರಾಯಾ?”

“ಮಲಗಿದವರನ್ನ ಬಡೀಬಾರದೋ. ಎಬ್ಬಿಸಿ ಬಡೀಬೇಕು.”

ಯಾಕೂಬ ಸಂಜೆಯವರೆಗೆ ತಿದಿ ಒತ್ತಿದ. ಎಲ್ಲಕ್ಕೂ ಕೊನೆಗೆ ಗೌರಾಬಾಯಿ ಬಂದಳು. ಒಲೆ ಸಣ್ಣದು, ಅವಳು ಉದ್ದ. ತುಂಡು ತುಂಡಾಗಿ ಕಾಯಿಸಿ ಬಡಿಯಬೇಕಾಯಿತು.

ಎರಡು ವರ್ಷ ಬಿಟ್ಟು ಹಂದಿಯಿಂದ ಹೊಲ ಕಾಯುವವರಿಗೆ ಮತ್ತೆ ಬಂದೂಕಿನ ಪರವಾನಗಿ ಸಿಕ್ಕಿತು. ಬಬಲೇಶ್ವರದ ರೈತ ಬಸಗೊಂಡಪ್ಪ ಮೊದಲಿಗನಾಗಿ ತಿಕೋಟಾಕ್ಕೆ ಬಂದು ಬಂದೂಕು ಮಾಡಿಕೊಡೆಂದ. ಗುರಲಿಂಗಪ್ಪ ಕುಂತಲ್ಲಿಂದ ಏಳದೆ, ತಿಕೋಟಾದಲ್ಲಿ ಕಬ್ಬಿಣ ಮುಗಿದಿದೆ ಎಂದ. ಅವನ ಬೆನ್ನ ಹಿಂದೆ ಸವೆದ ಗಾಲಿಹಳಿಗಳು ಮಾಳಿಗೆ ಮುಟ್ಟುವಷ್ಟು ಬಿದ್ದಿದ್ದವು. ಬಸಗೊಂಡಪ್ಪ ಅವನ್ನು ನೋಡಿದ, ಅವನ ಮುಖ ನೋಡಿದ, ಚಹಾ ಕುಡಿಯದೆ ಎದ್ದು ಹೋದ. ತಿಪ್ಪವ್ವ ಲೋಟ ಹಿಡಿದು ಬಾಗಿಲಲ್ಲಿ ನಿಂತೇ ಇದ್ದಳು.