ತೆಗೆದಿಟ್ಟ ನೆರಳು

ಆತನ ಎಡಗೈ ಮೊಣಕೈ ಹತ್ತಿರ ಡೊಂಕಾಗಿತ್ತು. ಚಿಕ್ಕವನಿದ್ದಾಗ ಗೋಡೆ ಹತ್ತಿ ಬಿದ್ದು ಮುರಿದುಕೊಂಡಿದ್ದ. ಮೂಳೆ ಕೂಡಿಸಿದವರು ಸರಿಯಾಗಿ ಕೂಡಿಸಿರಲಿಲ್ಲ. ಕ್ಯಾಮೆರಾ ಕಣ್ಣಿಗೆ ಹಿಡಿದರೆ ಆ ಕೈ ಟೀ ಕಪ್ಪಿನ ಹಿಡಿಯ ಹಾಗೆ ಪಕ್ಕಕ್ಕೆ ಚಾಚಿ ನಿಲ್ಲುತ್ತಿತ್ತು. ಗಡಿ ದಾಟಿ ಬಂದು ಪತ್ರಿಕೆಯ ಆಫೀಸಿಗೆ ಸೇರಿದ ದಿನವೇ ಎಲ್ಲರೂ ಆತನಿಗೆ ಡೊಂಕುಗೈ ಅಂತ ಹೆಸರಿಟ್ಟರು. ಪಾಪ, ಮಾತಿನ ಅರ್ಥ ಗೊತ್ತಿಲ್ಲದೆ ಆತ ಅದೇನೋ ಮರ್ಯಾದೆಯ ಮಾತು ಅಂದುಕೊಂಡು, ಹಾಗೆ ಕರೆದವರಿಗೆಲ್ಲ ಒಂದು ತಿಂಗಳು ತಲೆ ಬಾಗಿಸುತ್ತಿದ್ದ.

ಅವಳು ಅದೇ ಆಫೀಸಿನಲ್ಲಿ ಫೋಟೋ ಕತ್ತರಿಸುವವಳು. ಓದಿದ್ದು ನಾಲ್ಕನೇ ಕ್ಲಾಸು. ಮೂರನೇ ಮಹಡಿಯಲ್ಲಿ ಕತ್ತಲೆ ಕೋಣೆಯ ಪಕ್ಕಕ್ಕೇ ಅವಳ ಮೇಜು. ಒಳಗೆ ತೊಳೆದ ಫೋಟೋಗಳು ದಾರಕ್ಕೆ ನೇತುಬಿದ್ದು ಒಣಗಿ ಅವಳ ಕೈಗೆ ಬರುತ್ತಿದ್ದವು. ಫೋಟೋ ವಿಭಾಗದ ಯಜಮಾನರು ಕಿವಿಯ ಸಂದಿನಲ್ಲಿ ಸದಾ ಕೆಂಪು ಪೆನ್ಸಿಲು ಸಿಕ್ಕಿಸಿಕೊಂಡವರು. ಎಲ್ಲಿಯವರೆಗೆ ಬೇಕೋ ಅಲ್ಲಿಗೆ ಗೆರೆ ಎಳೆದು, ಹಿಂದುಗಡೆ ಎರಡು ಮಾತು ಗೀಚಿ ಕೊಡುತ್ತಿದ್ದರು. ಇವಳು ಉಕ್ಕಿನ ಪಟ್ಟಿ ಇಟ್ಟು ಬ್ಲೇಡಿನಲ್ಲಿ ಕುಯ್ಯುತ್ತಿದ್ದಳು. ಅದಕ್ಕೇ ಅವಳು ಬ್ಲೇಡಮ್ಮ.

ಡೊಂಕುಗೈಯ ಮೊದಲ ಫೋಟೋದಲ್ಲಿ ಸೇತುವೆ ಚೆನ್ನಾಗಿತ್ತು, ಜನ ಚೆನ್ನಾಗಿದ್ದರು. ಆದರೆ ಕೆಳಗಡೆ ತೆಗೆದವನದೇ ನೆರಳು ಬಿದ್ದಿತ್ತು, ಕೈ ಚಾಚಿಕೊಂಡು. ಯಜಮಾನರು ಹಲ್ಲು ಕಡಿದು ಹಿಂದುಗಡೆ "ನೆರಳು ತೆಗೆ" ಅಂತ ಬರೆದರು. ಆತ ಅಕ್ಷರ ಕೂಡಿಸಿಕೂಡಿಸಿ ಅದನ್ನು ಓದಿದ. ಮುಖ ಅರಳಿತು. ಮಾರನೇ ದಿನ ಗಿರಣಿ ಕೆಲಸಗಾರರ ಮೆರವಣಿಗೆಗೆ ಕಳಿಸಿದರೆ ಮೂವತ್ತಾರು ಫೋಟೋ ತಂದ. ಮೂವತ್ತಾರರಲ್ಲೂ ಬರೀ ನೆರಳು. ಬಾವುಟದ ನೆರಳು, ಕಾಲಿನ ನೆರಳು, ಲಾಠಿಯ ನೆರಳು.

"ಏನಪ್ಪಾ ಇದು? ಜನ ಎಲ್ಲಿ?"

"ನೀವೇ ಬರೆದಿದ್ರಿ ಸಾರ್, ನೆರಳು ತೆಗೆ ಅಂತ. ತೆಗೆದೆ."

"ತೆಗೆ ಅಂದ್ರೆ ಕಿತ್ತು ಹಾಕು ಅಂತಯ್ಯಾ!"

"ಮತ್ತೆ ಫೋಟೋ ತೆಗೆ ಅಂದ್ರೆ?"

ಯಜಮಾನರು ಕಿವಿಯ ಪೆನ್ಸಿಲು ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿಕೊಂಡರು. "ಅದು... ಅದು ಬೇರೆ ತೆಗೆ."

"ಒಟ್ಟು ಎಷ್ಟು ತೆಗೆ ಇದೆ ಸಾರ್ ನಿಮ್ಮಲ್ಲಿ?"

ಕತ್ತಲೆ ಕೋಣೆಯವನು ಒಳಗಿನಿಂದಲೇ ಕೂಗಿದ: "ಬಾಗಿಲು ತೆಗೆಯೋದು, ಜಗಳ ತೆಗೆಯೋದು, ನಮ್ಮ ಜೀವ ತೆಗೆಯೋದು. ಮೂರನೇದು ಯಜಮಾನರದು!"

ಮಹಡಿಯೆಲ್ಲ ನಕ್ಕಿತು. ಅವಳೂ ನಕ್ಕಳು. ನಗುತ್ತಾ ತಲೆ ಎತ್ತಿದರೆ ಆತ ಮಾತ್ರ ತನ್ನ ಮೊದಲ ಫೋಟೋದಿಂದ ಅವಳು ಕುಯ್ದು ಬಿಸಾಕಿದ್ದ ತುಂಡನ್ನು ಬುಟ್ಟಿಯಿಂದ ಹೆಕ್ಕಿ ಅಂಗೈಯಲ್ಲಿ ಇಟ್ಟುಕೊಂಡು ನೋಡುತ್ತಿದ್ದ. ಅವಳ ನಗು ಅಲ್ಲಿಗೇ ನಿಂತಿತು.

ಮಧ್ಯಾಹ್ನ ಬ್ರೆಡ್ಡು ತಿನ್ನುವ ಹೊತ್ತಿಗೆ ಅವಳೇ ಕೇಳಿದಳು. ಆತ ಹರಕು ಮುರುಕು ಮಾತಿನಲ್ಲಿ ಹೇಳಿದ. ತನ್ನ ದೇಶದಲ್ಲಿ ಪೊಲೀಸರು ಒಬ್ಬನನ್ನು ಹೊಡೆಯುವ ಫೋಟೋ ತೆಗೆದಿದ್ದ. ಅದು ಅಚ್ಚಾದ ಮೇಲೆ ಅಲ್ಲಿರುವ ಹಾಗಿರಲಿಲ್ಲ. ಅಮ್ಮ ಅಲ್ಲೇ ಉಳಿದಳು, ಗಾಜಿನ ಲೋಟದ ಕಾರ್ಖಾನೆಯಲ್ಲಿ ಲೋಟಗಳಿಗೆ ಪೇಪರು ಸುತ್ತುವವಳು. ಇವನು ಕಾಗದ ಬರೆದರೆ ಅದನ್ನು ಮೊದಲು ಓದುವವರು ಪೊಲೀಸರು, ಆಮೇಲೆ ಅವಳ ಬಾಗಿಲು ಬಡಿಯುತ್ತಾರೆ. ಲೋಟ ಸುತ್ತುವುದಕ್ಕೆ ಗಡಿಯ ಈಚೆಯಿಂದ ಹಳೇ ಪೇಪರು ಲಾರಿಗಟ್ಟಲೆ ಹೋಗುತ್ತಿತ್ತು. ಹೊರಡುವಾಗ ಅಮ್ಮ ಹೇಳಿದ್ದಳಂತೆ: "ನೀನು ಎಲ್ಲಿ ಹೋದರೂ ಪೇಪರ್ ಕೆಲಸಕ್ಕೇ ಸೇರುತ್ತೀಯ. ನನಗೆ ಓದಕ್ಕೆ ಬರಲ್ಲ, ನಿನ್ನ ಡೊಂಕು ಕೈ ಗುರುತಿಸಕ್ಕೆ ಬರುತ್ತೆ. ಫೋಟೋದಲ್ಲಿ ನಿನ್ನ ನೆರಳು ಬೀಳಿಸು. ಅದು ಕಾಣೋವರೆಗೂ ನೀನಿದ್ದೀಯ ಅಂದ್ಕೋತೀನಿ."

ಅವಳ ಕೈಯಲ್ಲಿದ್ದ ಬ್ರೆಡ್ಡು ಕೈಯಲ್ಲೇ ಉಳಿಯಿತು. ಒಂದು ತಾಯಿಯ ಕಣ್ಣಿಗೆ ಬೀಳಬೇಕಾದದ್ದನ್ನು ತಾನೇ ಕುಯ್ದು ಬುಟ್ಟಿಗೆ ಹಾಕಿದ್ದಳಲ್ಲ.

ಅಂದಿನಿಂದ ಆತನ ಫೋಟೋಗಳಿಗೆ ಅವಳು ಕೆಂಪು ಗೆರೆಯಿಂದ ಒಂದು ಬೆರಳು ಆಚೆಗೆ ಪಟ್ಟಿ ಇಟ್ಟಳು. ನೆರಳಿನ ತಲೆ, ಭುಜ, ಆ ಕೈ, ಇಷ್ಟು ಉಳಿಯುತ್ತಿತ್ತು. ಯಜಮಾನರಿಗೆ ದೃಷ್ಟಿ ಅಷ್ಟಕ್ಕಷ್ಟೇ. "ಈ ಅಚ್ಚಿನವರು ಮಸಿ ಮೆತ್ತೋದು ಯಾವಾಗ ಬಿಡ್ತಾರೋ" ಅಂತ ಅವರನ್ನೇ ಬೈದುಕೊಂಡು ಇರುತ್ತಿದ್ದರು. ಮೂರು ವರ್ಷ ಹಾಗೆ ನಡೆಯಿತು. ಬೆಂಕಿ ಬಿದ್ದ ಗೋದಾಮು, ಮುಳುಗಿದ ಬೀದಿ, ಟೇಪು ಕತ್ತರಿಸುವ ಮಂತ್ರಿ, ಎಲ್ಲದರ ಬುಡದಲ್ಲೂ ಆತ ನಿಂತಿದ್ದ. ಎರಡನೇ ವರ್ಷ ಇಬ್ಬರೂ ಮದುವೆಯಾದರು. ನೀರಿನ ಟ್ಯಾಂಕಿನ ಹಿಂದೆ ಒಂದೇ ಕೋಣೆಯ ಮನೆ. ಕಿಟಕಿಗೆ ಕರಿ ಬಟ್ಟೆ ಕಟ್ಟಿದರೆ ಅದೇ ಕತ್ತಲೆ ಕೋಣೆ, ಬಿಚ್ಚಿದರೆ ಅಡುಗೆಮನೆ.

ಮಗಳು ಹೊಟ್ಟೆಯಲ್ಲಿದ್ದಾಗ ಅವಳು ರಜೆ ಹಾಕಬೇಕಾಯಿತು. ಅವಳ ಮೇಜಿಗೆ ಪ್ಯಾಕಿಂಗಿನಿಂದ ಒಬ್ಬರನ್ನು ಕೂರಿಸಿದರು. ಐವತ್ತು ದಾಟಿದ ಮನುಷ್ಯ. ಏನು ಹೇಳಿದರೂ "ಸರಿ ಸಾರ್" ಅನ್ನುತ್ತಿದ್ದುದರಿಂದ ಸರಿಸಾರ್ ಅಂತಲೇ ಅವರ ಹೆಸರು. ಕೆಲಸ ಒಪ್ಪಿಸುವಾಗ ಯಜಮಾನರು ಬೆನ್ನ ಹಿಂದೆಯೇ ನಿಂತಿದ್ದರು. ಬಿಚ್ಚಿ ಹೇಳುವ ಹಾಗಿರಲಿಲ್ಲ. ಅವಳು ದನಿ ತಗ್ಗಿಸಿ ಅಂದಳು:

"ನಮ್ಮನೆಯವರ ಫೋಟೋದಲ್ಲಿ ಕೆಳಗಡೆ ನೆರಳು ಬಂದಿರುತ್ತೆ. ಅದನ್ನ ತೆಗೆದಿಡಿ. ಮರೀಬೇಡಿ."

"ಸರಿ ಸಾ... ಸರಿ ಅಕ್ಕಾ."

ಹೊತ್ತು ಮೀರಿ ಬರುವವರಿಗೆ ಊಟ ತೆಗೆದಿಡು ಅನ್ನುವುದಿಲ್ಲವೇ, ಹಾಗೆ ಅಂದಿದ್ದಳು. ಅವಳ ಬಾಯಿಗೆ ಬಂದದ್ದು ಮನೆಯ ಮಾತು.

ಅದೇ ವಾರ ಆತನನ್ನು ದೂರದ ಬಂದರಿಗೆ ಹಾಕಿದರು. ಅಲ್ಲಿ ಹಡಗಿನ ಕೂಲಿಗಳ ಮುಷ್ಕರ. ಮುಗಿಯುವವರೆಗೂ ಇರಬೇಕು. ಫಿಲ್ಮು ರೈಲಿನಲ್ಲಿ ಬರುತ್ತಿತ್ತು, ಪೇಪರು ಅಷ್ಟು ದೂರ ಹೋಗುತ್ತಿರಲಿಲ್ಲ. ಮನೆಗೆ ಪೇಪರು ಬರುತ್ತಿದ್ದುದು ಅವಳ ಆಫೀಸಿನ ಚೀಲದಲ್ಲಿ. ಈಗ ಅದೂ ನಿಂತಿತ್ತು. ಮಗು ಹುಟ್ಟಿ ಎರಡು ತಿಂಗಳು ಹಾಲು ಕುಡಿದದ್ದೆಲ್ಲ ಕಾರುತ್ತಿತ್ತು. ಪೇಪರಿನ ಯೋಚನೆ ಯಾರಿಗಿತ್ತು? ಸರಿಸಾರ್ ಹೇಳಿದ ಮಾತು ಮೀರುವವರಲ್ಲ ಅಂತ ಅವಳು ನಿಶ್ಚಿಂತೆಯಾಗಿದ್ದಳು.

ರಜೆ ಹಾಕಿ ಎಂಟು ತಿಂಗಳಾದ ಮೇಲೆ ಮಗಳನ್ನು ಪಕ್ಕದ ಮನೆ ಅಜ್ಜಿಗೆ ಒಪ್ಪಿಸಿ ಕೆಲಸಕ್ಕೆ ಹೋದಳು. ಸರಿಸಾರ್ ಎದ್ದು ನಿಂತು ಮೇಜಿನ ಖಾನೆಯಿಂದ ಒಂದು ಬಿಸ್ಕತ್ತಿನ ಡಬ್ಬಿ ತೆಗೆದು ಎರಡೂ ಕೈಯಲ್ಲಿ ಕೊಟ್ಟರು. ಏನೋ ಪುಣ್ಯದ ಕೆಲಸ ಮುಗಿಸಿದವರ ಮುಖ.

"ನೀವು ಹೇಳಿದ ಹಾಗೇ ಅಕ್ಕಾ. ಒಂದೂ ಬಿಸಾಕಿಲ್ಲ. ಎಲ್ಲಾ ತೆಗೆದಿಟ್ಟಿದೀನಿ."

ಮುಚ್ಚಳ ಬಿಚ್ಚಿದರೆ ಒಳಗೆ ಒಂದೊಂದು ಬೆರಳಗಲದ ಪಟ್ಟಿಗಳು. ಎಲ್ಲದರಲ್ಲೂ ಆತ. ತಲೆ, ಭುಜ, ಕಪ್ಪಿನ ಹಿಡಿಯಂಥ ಕೈ. ಎಂಟು ತಿಂಗಳ ನೆರಳನ್ನು ಆ ಮಹಾರಾಯರು ಒಂದು ಕೂದಲೆಳೆ ಆಚೀಚೆ ಆಗದ ಹಾಗೆ ಕುಯ್ದು, ತಾರೀಖಿನ ಪ್ರಕಾರ ಜೋಡಿಸಿದ್ದರು. ಅವರನ್ನು ಬೈಯುವುದಾದರೂ ಹೇಗೆ? "ಒಳ್ಳೇದಾಯ್ತು ಬಿಡಿ" ಅಂದು ಅವಳು ಡಬ್ಬಿಯ ಮುಚ್ಚಳ ಹಾಕಿದಳು.

ಡಬ್ಬಿಯನ್ನು ಮನೆಗೆ ತಂದು ಅಟ್ಟದ ಮೇಲೆ, ಒಡೆದ ಸೀಮೆಎಣ್ಣೆ ಸ್ಟೋವಿನ ಹಿಂದೆ ಇಟ್ಟಳು. ಆತ ಬಂದ ಕೂಡಲೇ ಹೇಳಿಬಿಡುವುದು ಅಂತ ಗಟ್ಟಿ ಮಾಡಿಕೊಂಡಳು. ಆತ ಬಂದ. ಮಗಳನ್ನು ಮೊದಲ ಸಲ ಎತ್ತಿಕೊಂಡು, ಎಲ್ಲಿ ಬೀಳಿಸಿಬಿಡುತ್ತೇನೋ ಅಂತ ಗೋಡೆಗೆ ಒರಗಿ ಕೂತ. ಇವತ್ತು ಬೇಡ, ಭಾನುವಾರ ಹೇಳೋಣ ಅಂದುಕೊಂಡಳು. ಶನಿವಾರ, ಗಡಿಯಾಚೆಗೆ ಹಳೇ ಪೇಪರು ಸಾಗಿಸುವ ಲಾರಿಯ ಡ್ರೈವರು ಆಫೀಸಿನಲ್ಲಿ ಮನೆ ವಿಚಾರಿಸಿಕೊಂಡು ಬಂದ.

ಬಾಗಿಲಲ್ಲಿ ನಿಂತವನು ಮಾತಾಡುವುದಕ್ಕೆ ಮುಂಚೆ ತನ್ನ ಎಡಗೈಯನ್ನು ಡೊಂಕು ಮಾಡಿ ತೋರಿಸಿದ. "ಇಂಥ ಕೈಯವರು ನೀವೇನಾ?" ಆತ ಹೌದು ಅಂದ. ಡ್ರೈವರು ತಲೆಯಿಂದ ಕಾಲಿನವರೆಗೆ ಆತನನ್ನು ನೋಡಿದ.

"ಹಾಗಾದ್ರೆ ಬದುಕಿದೀರಿ."

ಅಂಗಿಯ ಒಳಗಿನಿಂದ ಒಂದು ಬಟ್ಟೆಯ ಗಂಟು ತೆಗೆದು ಕೊಟ್ಟ. ಪೇಪರಿನ ತುಂಡುಗಳು. ಆ ತಾಯಿ ಸೇತುವೆ, ಮಂತ್ರಿ, ಬೆಂಕಿ ಎಲ್ಲವನ್ನೂ ಕತ್ತರಿಸಿ ಬಿಸಾಕಿ ನೆರಳನ್ನು ಮಾತ್ರ ಇಟ್ಟುಕೊಂಡಿದ್ದಳು.

"ನಿಮ್ಮಮ್ಮ ಮೂರು ವರ್ಷ ಪೇಪರಿನ ಕಟ್ಟು ಬಿಚ್ಚಿ ಮೊದಲು ಇದನ್ನೇ ಹುಡುಕೋರು. ಸಿಕ್ಕಿದ ದಿನ ಲೋಟ ಒಡೆದುಹೋದ್ರೂ ನಗೋರು. ಆಮೇಲೆ ಸಿಗೋದು ನಿಂತುಹೋಯ್ತು. ಆರು ತಿಂಗಳು ನೋಡಿದ್ರು. ಆಮೇಲೆ ಮಗ ಹೋದ ಅಂತ ಎಲ್ಲರಿಗೂ ಹೇಳಿ, ಕೆಲಸಕ್ಕೆ ಬರೋದು ಬಿಟ್ರು. ಹೋದ ತಿಂಗಳು ಅವರೂ ಹೋದ್ರು. ಇದನ್ನ ಆ ಪೇಪರಿನವರಿಗೆ ತಲುಪಿಸಪ್ಪಾ ಅಂದಿದ್ರು."

ಆತ ಗಂಟು ಹಿಡಿದುಕೊಂಡು ಹೆಂಡತಿಯ ಕಡೆ ತಿರುಗಿದ. "ನಾನು ನೆರಳು ಬೀಳಿಸ್ತಾನೇ ಇದ್ದೆನಲ್ಲೇ? ಒಂದು ದಿನಾನೂ ಬಿಟ್ಟಿಲ್ಲವಲ್ಲೇ?"

"ಮಗು ಅಳ್ತಿದೆ" ಅಂದು ಅವಳು ತೊಟ್ಟಿಲ ಕಡೆ ಓಡಿದಳು. ಮಗು ಅಳುತ್ತಿರಲಿಲ್ಲ. ನಿದ್ದೆ ಮಾಡುತ್ತಿತ್ತು.

ಆಮೇಲೆ ಆ ಮಾತು ಆಡುವುದಕ್ಕೆ ಅವಳ ನಾಲಿಗೆ ಏಳಲೇ ಇಲ್ಲ. ಇವತ್ತು ಕೇಳುತ್ತಾನೆ, ನಾಳೆ ಕೇಳುತ್ತಾನೆ ಅಂತ ಕಾದಳು. ಕೇಳಿದರೆ ಆ ಕ್ಷಣ ಹೇಳಿಬಿಡುತ್ತಿದ್ದಳು, ಅದಂತೂ ಖಂಡಿತ. ಆತ ಕೇಳಲಿಲ್ಲ. ಆದರೆ ಅಂದಿನಿಂದ ಕೆಲಸದ ರೀತಿ ಬದಲಾಯಿಸಿದ. ಬಿಸಿಲನ್ನು ಬೆನ್ನಿಗೆ ಇಟ್ಟುಕೊಂಡರೆ ತಾನೆ ನೆರಳು ಮುಂದೆ ಬೀಳುವುದು? ಬಿಸಿಲಿಗೆ ಮುಖ ಕೊಟ್ಟು ನಿಂತ. ಜನ ಕಪ್ಪಗೆ, ಸುತ್ತಲೂ ಬೆಳಕಿನ ಅಂಚು. ಆ ಫೋಟೋಗಳು ಹೆಸರು ಮಾಡಿದವು. ಬಹುಮಾನ ಬಂತು, ಕಲಿಯುವವರು ಹುಡುಕಿಕೊಂಡು ಬಂದರು. "ಈಗ ಕಲಿತೆ ನೋಡಪ್ಪಾ, ಒಂದು ಚೂರು ನೆರಳಿಲ್ಲ" ಅಂತ ಪೆನ್ಸಿಲಿನ ಯಜಮಾನರು ನಿವೃತ್ತರಾಗುವ ದಿನ ಬೆನ್ನು ತಟ್ಟಿದರು. ಆತ ನಕ್ಕ. ಅವಳು ಮೇಜಿನ ಮೇಲೆ ಬಗ್ಗಿ, ಆಗಲೇ ಕುಯ್ದಿದ್ದ ಫೋಟೋವನ್ನು ಇನ್ನೊಂದು ಸಲ ಕುಯ್ದಳು.

ಮೂವತ್ತೆರಡು ವರ್ಷ. ಮಗಳು ದೊಡ್ಡವಳಾಗಿ ನರ್ಸಾದಳು. ಕತ್ತಲೆ ಕೋಣೆಗಳು ಮುಚ್ಚಿದವು, ಕಂಪ್ಯೂಟರು ಬಂತು, ಬ್ಲೇಡಿಗೆ ಕೆಲಸ ಉಳಿಯಲಿಲ್ಲ. ಮನೆ ಎರಡು ಸಲ ಬದಲಾಯಿತು. ಎರಡು ಸಲವೂ ಅವಳು ಆ ಡಬ್ಬಿಯನ್ನು ಮುಚ್ಚಳ ತೆಗೆಯದೆ ತಾನೇ ಹೊತ್ತು ತಂದು ಅಟ್ಟಕ್ಕೆ ಏರಿಸಿದಳು. ಕೊನೆಯ ವರ್ಷ ಆತನ ಎರಡೂ ಕೈ ನಡುಗುತ್ತಿದ್ದವು. ಊಟ ಮಾಡಿಸುವಾಗ ಒಮ್ಮೆ ಆತ ಚಮಚ ತಡೆದು ಅವಳ ಮುಖವನ್ನೇ ಬಹಳ ಹೊತ್ತು ನೋಡಿದ್ದ. "ಏನ್ರೀ?" ಅಂದಳು. "ಏನಿಲ್ಲ ಕಣೇ. ನೀನೇನಾದ್ರೂ ಹೇಳ್ತೀಯೇನೋ ಅಂದ್ಕೊಂಡೆ" ಅಂದ. ಅವಳು "ತಿನ್ನಿ, ಆರಿಹೋಗುತ್ತೆ" ಅಂದಳು.

ಆತ ಹೋದ ಮೂರನೇ ದಿನ ಪತ್ರಿಕೆಯಿಂದ ಫೋನು. ಹೆಣ್ಣುಮಗಳ ದನಿ. "ಅಮ್ಮಾ, ಸಾರ್ ಬಗ್ಗೆ ಬರೀತಿದೀವಿ. ಅವರದೊಂದು ಫೋಟೋ ತೆಗೆದಿಟ್ಟಿರಿ, ಬಂದು ಇಸ್ಕೊಂಡು ಹೋಗ್ತೀನಿ."

ಆ ಮಾತು ಕಿವಿಗೆ ಬಿದ್ದದ್ದೇ ಅವಳು ಸ್ಟೂಲು ಹಾಕಿಕೊಂಡು ಅಟ್ಟದಿಂದ ಡಬ್ಬಿ ಇಳಿಸಿದಳು. ಮುಚ್ಚಳ ತುಕ್ಕು ಹಿಡಿದಿರಬೇಕಿತ್ತು. ಮುಟ್ಟಿದ ಕೂಡಲೇ ಬಂತು.

ಮೇಲುಗಡೆ ಆ ತಾಯಿಯ ಪೇಪರಿನ ತುಂಡುಗಳಿದ್ದವು. ಹಳದಿಯಾಗಿ, ಒಂದೊಂದರ ಹಿಂದೂ ಆತನ ಸೊಟ್ಟ ಅಕ್ಷರದಲ್ಲಿ ತಾರೀಖು. ಅವು ಮುಗಿದಲ್ಲಿಂದ ಸರಿಸಾರ್ ಕುಯ್ದ ಪಟ್ಟಿಗಳು ಶುರು. ಅಮ್ಮನ ಕೊನೆಯ ತುಂಡಿನ ತಾರೀಖಾದ ನಾಲ್ಕನೇ ದಿನದ್ದು ಮೊದಲ ಪಟ್ಟಿ. ನಡುವೆ ಒಂದೂ ತಪ್ಪದ ಹಾಗೆ ಆತ ಜೋಡಿಸಿದ್ದ. ಮಡಿಸಿದ ಅಂಚುಗಳು ಬೆರಳಾಡಿಸಿ ಆಡಿಸಿ ಮೆತ್ತಗಾಗಿದ್ದವು. ಒಂದು ಸಲ ನೋಡಿ ಇಟ್ಟದ್ದಲ್ಲ.

ಡಬ್ಬಿ ಆತನಿಗೆ ಯಾವಾಗ ಸಿಕ್ಕಿತ್ತೋ. ಮೊದಲ ವರ್ಷವೋ, ಹತ್ತನೆಯದೋ. ಅವಳು ಆತ ಕೇಳಲಿ ಅಂತ ಕಾದಿದ್ದಳು. ಆತ ಅವಳು ಹೇಳಲಿ ಅಂತ. ಅವಳು ನೆಲದ ಮೇಲೆ ಕಾಲು ಚಾಚಿ ಕೂತು "ರೀ, ಅದು ಹಾಗಾದದ್ದಲ್ಲ ರೀ, ನಾನು ಅಂದದ್ದು ಬೇರೆ ತೆಗೆ" ಅಂತ ಶುರು ಮಾಡಿದಳು. ಅಷ್ಟು ಅಂದು, ಪಟ್ಟಿಗಳನ್ನು ಒಂದೊಂದಾಗಿ ನೆಲದ ಮೇಲೆ ಹರಡಿದಳು.

ಫೋನು ಮಾಡಿದ ಹೆಣ್ಣುಮಗಳು ಬಂದಾಗ ಅವಳು ಮುಖ ತೊಳೆದುಕೊಂಡು ಒಂದು ಪಟ್ಟಿಯನ್ನು ಆರಿಸಿ ಇಟ್ಟಿದ್ದಳು. ಬಂದರಿನಲ್ಲಿ ತೆಗೆದದ್ದು. ನೆರಳು ಉದ್ದಕ್ಕೆ, ಕೈ ಸ್ಪಷ್ಟವಾಗಿ.

"ಇದರಲ್ಲಿ ಬರೀ ನೆರಳಿದೆಯಲ್ಲಮ್ಮಾ. ಮುಖ ಇರೋದು ಯಾವುದೂ ಇಲ್ವಾ?"

"ಅವರನ್ನ ಗುರುತಿಸೋರು ಇದರಲ್ಲೇ ಗುರುತಿಸ್ತಿದ್ರು."

ಹೆಣ್ಣುಮಗಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಪಟ್ಟಿಯನ್ನು ಪುಸ್ತಕದ ನಡುವೆ ಇಟ್ಟುಕೊಂಡಳು. "ಹೆದರಬೇಡಿ ಅಮ್ಮಾ. ಜೋಪಾನವಾಗಿ ತೆಗೆದಿಡ್ತೀನಿ."

ಅವಳು ಹೆಣ್ಣುಮಗಳ ಮಣಿಕಟ್ಟು ಹಿಡಿದುಕೊಂಡಳು.

"ತೆಗೆದಿಡಬೇಡಮ್ಮಾ. ಪೇಪರಿನಲ್ಲಿ ಹಾಕು. ಪೂರ್ತಿ."