ಐಸು ತಿನ್ನುವ ಹೊತ್ತಿನ ಹಾಡು

ವೆನಿಸಿನ ನಮ್ಮ ನಾಟಕಶಾಲೆಗೆ ಯಾವ ಹೊಸ ನಗೆನಾಟಕ ಬಂದರೂ ಎರಡನೇ ಅಂಕದಲ್ಲಿ ಮನೆಗೆಲಸದವಳ ಪಾತ್ರಕ್ಕೆ ಒಂದು ಹಾಡು ಇರಲೇಬೇಕು. ಕೇಳುವುದಕ್ಕಲ್ಲ, ದೊಡ್ಡ ಗಾಯಕಿ ಸುಧಾರಿಸಿಕೊಳ್ಳಲಿ, ಜನ ಎದ್ದುಹೋಗಿ ಐಸು ತಿಂದು ಬರಲಿ ಅಂತ. ಇಪ್ಪತ್ತು ವರ್ಷ ಆ ಹಾಡು ಹಾಡಿದವಳು ಒರ್ಸೊಲಾ. ಹೊರಗೆ ಪಡಸಾಲೆಯಲ್ಲಿ ಐಸು ಮಾರುತ್ತಿದ್ದವನು ಅವಳ ಗಂಡ ಮೊಮೊಲೊ. ಹೆಂಡತಿಯ ಹಾಡನ್ನು ಯಾರೂ ಕೇಳದಿದ್ದರೇನೇ ಆ ಮನೆಯಲ್ಲಿ ಒಲೆ ಉರಿಯುತ್ತಿತ್ತು. ರಂಗದ ಮುಂದೆ ಕೆಳಗೆ ಕೂತು ಪಿಟೀಲು ನುಡಿಸುತ್ತಿದ್ದ ನನಗೆ ಇದನ್ನು ನೋಡಿ ನೋಡಿ ಮೈಯುರಿಯುತ್ತಿತ್ತು. ಅವಳ ಕಂಠ ಜೇನು. ಕೇಳುಗರು ಶುದ್ಧ ಕತ್ತೆಗಳು.

ಆ ಚಳಿಗಾಲ ನಾವು ಆಡಿದ್ದು ‘ಒಂದೇ ಟೋಪನ್, ಇಬ್ಬರು ವರರು’ ಎಂಬ ತಲೆಬುಡವಿಲ್ಲದ ಕಥೆ. ಅದು ಮುಗಿದರೆ ಒರ್ಸೊಲಾಳ ಕೆಲಸವೂ ಮುಗಿಯಿತು. ನಾಟಕಶಾಲೆಯ ಯಜಮಾನ ಅವಳ ಜಾಗಕ್ಕೆ ಬೇರೆ ಹುಡುಗಿಯನ್ನು ಗೊತ್ತುಮಾಡಿಯಾಗಿತ್ತು.

ಕೊನೆಯ ಆಟದ ದಿನ ಅವಳು ಗಂಡನಿಗೆ ಹೇಳಿದಳು: “ರೀ, ಇವತ್ತೊಂದಿನ ಐಸು ಮಾರ್ಬೇಡಿ. ಒಂದ್ಸಲನಾದ್ರೂ ಜನ ಕೂತು ನನ್ ಹಾಡು ಕೇಳ್ಲಿ.”

“ತಲೆ ಕೆಟ್ಟಿದ್ಯೇನೇ? ಡಬ್ಬದ ತುಂಬ ನಿಂಬೆ ಐಸು ಮಾಡಿಟ್ಟಿದೀನಿ. ಯಾರ್ ತಿಂತಾರೆ?”

“ನೀವೇ ತಿನ್ನಿ.”

ಅವನು ಗೊಣಗಿಕೊಂಡೇ ಒಪ್ಪಿದ.

ಅವಳ ಹಾಡಿನ ಹೊತ್ತಿಗೆ ಜನ ಎದ್ದರು. ಐಸು ಇಲ್ಲವೆಂದು ತಿಳಿದು ಬೈದುಕೊಂಡು ಬಂದು ಕೂತರು. ಒರ್ಸೊಲಾ ಮುಂದೆ ಬಂದು ಬಾಯಿ ತೆರೆದಳು. ದನಿ ಇಲ್ಲ. ನಾವು ಮತ್ತೆ ಮೊದಲಿನಿಂದ ನುಡಿಸಿದೆವು. ಊಹೂಂ. ಪಾಪ, ಹಾಡುವಾಗ ಅವಳು ಈವರೆಗೆ ಕಂಡದ್ದು ಬರೀ ಬೆನ್ನುಗಳನ್ನು. ಇಷ್ಟೊಂದು ಮುಖ ನೋಡಿ ಗಂಟಲು ಕಟ್ಟಿಬಿಟ್ಟಿತ್ತು. ನನಗೆ ಅಳುವೇ ಬಂತು.

ಕೊನೆಗೆ ಅವಳು ರಂಗದ ಮೇಲಿಂದಲೇ ಕೂಗಿದಳು: “ರೀ! ಐಸು ಅಂತ ಕೂಗ್ರೀ!”

ಹಿಂದಿನ ಬಾಗಿಲಲ್ಲಿ ನಿಂತಿದ್ದ ಮೊಮೊಲೊ ಗಾಬರಿಯಾಗಿ ಡಬ್ಬ ಎತ್ತಿ ತಂದು, “ನಿಂಬೆ ಐಸು!” ಎಂದು ಕಿರುಚಿದ. ಸಭೆಗೆ ಸಭೆಯೇ ಎದ್ದು ಅತ್ತ ತಿರುಗಿತು. ಬೆನ್ನುಗಳು ಕಂಡದ್ದೇ ತಡ, ಅವಳಿಗೆ ದನಿ ಬಂತು. ಎಂಥ ದನಿ! ಬಾಗಿಲಿಗೆ ನುಗ್ಗುತ್ತಿದ್ದವರು ಇದ್ದಲ್ಲೇ ನಿಂತರು. ಒಬ್ಬ ತಿರುಗಿ ನೋಡಹೋದ. ಪಕ್ಕದ ಮುದುಕಿ ಅವನ ಕಿವಿ ಹಿಂಡಿ, “ತಿರುಗ್ಬೇಡ್ವೋ ಮುಟ್ಠಾಳ, ಹಾಡು ನಿಂತ್ಹೋಗತ್ತೆ!” ಎಂದಳು. ಹೀಗೆ ಇಡೀ ನಾಟಕಶಾಲೆ ಬೆನ್ನು ಹಾಕಿ ನಿಂತು ಒರ್ಸೊಲಾಳ ಹಾಡು ಕೇಳಿತು.

ಅವಳತ್ತ ಮುಖ ಮಾಡಿದ್ದವನು ಮೊಮೊಲೊ ಒಬ್ಬನೇ. ಇಷ್ಟು ವರ್ಷವೂ ಹೊರಗೆ ಐಸು ತುಂಬಿಕೊಡುತ್ತಿದ್ದವನು ಆ ಹಾಡು ಕೇಳಿದ್ದು ಅವತ್ತೇ ಮೊದಲು. ಕೈಯಲ್ಲಿದ್ದ ಐಸು ಕರಗಿ ತೋಳಿಗೆ ಇಳಿಯುತ್ತಿತ್ತು. ಯಾರೋ ಮೆಲ್ಲಗೆ, “ಒಂದು ಕೊಡಯ್ಯ” ಎಂದು ಕೈಚಾಚಿದರು.

“ಸುಮ್ನಿರಯ್ಯಾ,” ಎಂದ ಮೊಮೊಲೊ, “ನನ್ ಹೆಂಡ್ತಿ ಹಾಡ್ತಿದಾಳೆ.”